ಬಯಲುಸೀಮೆಯ ಹೊಲಗಳಲ್ಲಿ ಬದುವೂ ಕೋಡಿಯೂ

ಮಳೆ ಕಡಮೆಯಾದ ಸೀಮೆಯಲ್ಲಿ ಭೂಮಿಯು ನೀರಿನಿಂದಲೇ ಕೆಡುತ್ತದೆಂದು ಹೇಳಿದರೆ ಕೇಳುವವರಿಗೆ ವಿಪರೀತವಾಗಿ ತೋರಬಹುದು. ಆದರೆ ವಿಜಯಪುರ, ಬಾಗಲಕೋಟೆ, ರಾಯಚೂರು, ಬಳ್ಳಾರಿ, ಚಿತ್ರದುರ್ಗ ಮೊದಲಾದ ಜಿಲ್ಲೆಗಳಲ್ಲಿ ಒಣಬೇಸಾಯ ಮಾಡಿಸುವ ಹಿಡುವಳಿದಾರರಿಗೆ ಇದು ಕಣ್ಣಾರೆ ಕಂಡ ಸಂಗತಿಯೇ ಆಗಿದೆ. ವಿಜಯಪುರದಲ್ಲಿ ವರ್ಷಕ್ಕೆ ಬೀಳುವ ಸರಾಸರಿ ಮಳೆ ಸುಮಾರು 24 ಅಂಗುಲ, ಎಂದರೆ 600 ಮಿಲಿಮೀಟರ್ ಮಾತ್ರ. ಚಳ್ಳಕೆರೆಯ ಕಡೆಗೆ ಅದಕ್ಕಿಂತಲೂ ಕಡಮೆ. ಈ ಸ್ವಲ್ಪ ಮಳೆಯಾದರೂ ಹದವರಿತು ಬೀಳುವುದಿಲ್ಲ. ಮುಂಗಾರಿನಲ್ಲಿ ವಾರಗಟ್ಟಲೆ ಬರಿಯ ಗಾಳಿ ಬೀಸಿ, ಉತ್ತರೆ ಹಸ್ತಗಳ ಕಾಲದಲ್ಲಿ ಒಂದೆರಡು ದಿವಸಗಳೊಳಗೆ ನಾಲ್ಕಾರು ಅಂಗುಲ ಒಮ್ಮೆಲೇ ಸುರಿದುಬಿಡುವುದುಂಟು. ಹಿಂಗಾರು ಜೋಳಕ್ಕೂ ಕಡಲೆಗೂ ಬಿಟ್ಟ ಎರೆಹೊಲಗಳು ಆ ಹೊತ್ತಿಗೆ ಇನ್ನೂ ಬಿತ್ತನೆಯಾಗದೆ ಬಯಲಾಗಿ ಬಿದ್ದಿರುತ್ತವೆ. ಬೇಸಗೆಯ ಬಿಸಿಲಿಗೆ ಹುಲ್ಲು ಸುಟ್ಟು, ದನಗಳು ಮೇದು ಉಳಿದ ಬೇರುಗಳೂ ಸಡಿಲವಾಗಿ, ಮಣ್ಣನ್ನು ಹಿಡಿದು ನಿಲ್ಲಿಸತಕ್ಕ ವಸ್ತುವೊಂದೂ ನೆಲದ ಮೇಲೆ ಇರುವುದಿಲ್ಲ. ದೊಡ್ಡ ಮಳೆಯು ಬರಿಯ ನೆಲದ ಮೇಲೆ ಬೀಳುವುದೇ ಈ ಸೀಮೆಯ ಮುಖ್ಯವಾದ ತೊಂದರೆ.

2009ನೇ ಇಸವಿಯಲ್ಲಿ ಹೀಗೆಯೇ ನಡೆಯಿತು. ಮುಂಗಾರು ಸರಿಯಾಗಿ ಆಗದೆ ಬರಗಾಲದ ಮಾತು ಕೇಳಿಬರುತ್ತಿದ್ದಾಗ, ಸೆಪ್ಟೆಂಬರ್ ಕೊನೆಯ ದಿನಗಳಿಂದ ಅಕ್ಟೋಬರ್ ಮೊದಲ ವಾರದವರೆಗೆ ಉತ್ತರ ಕರ್ನಾಟಕದ ಒಣಸೀಮೆಯ ಮೇಲೆ ಬಿದ್ದ ಮಳೆಯಿಂದ ಊರುಗಳು ಮುಳುಗಿ, ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಮನೆಮಾರುಗಳ ನಷ್ಟವನ್ನು ಎಲ್ಲರೂ ಕಂಡರು. ಹೊಲಗಳಿಂದ ಹೋದ ಮಣ್ಣು ಮಾತ್ರ ಹಳ್ಳ ಹೊಳೆಗಳ ಕೆಂಪು ಕಪ್ಪು ನೀರಿನಲ್ಲಿ ಸೇರಿ, ಮತ್ತೆ ಹಿಂದಕ್ಕೆ ತರಲಾಗದ ಸ್ಥಳವನ್ನು ಮುಟ್ಟಿತು.

ಈ ಲೇಖನದಲ್ಲಿ ಹೇಳತಕ್ಕ ವಿಷಯವು ಹೊಸದೇನೂ ಅಲ್ಲ. ಬಿದ್ದ ಮಳೆಯನ್ನು ಬಿದ್ದ ಹೊಲದಲ್ಲಿಯೇ ನಿಲ್ಲಿಸತಕ್ಕದ್ದೆಂಬುದನ್ನು ಈಗ ಒಪ್ಪದವರಿಲ್ಲ. ನಿಲ್ಲಿಸಲಾರದಷ್ಟು ಬಂದಾಗ ಆ ಹೆಚ್ಚಿನ ನೀರು ಎಲ್ಲಿಂದ, ಯಾವ ಮಾರ್ಗವಾಗಿ, ಯಾರಿಗೂ ಕೇಡಾಗದಂತೆ ಹೊರಡಬೇಕೆಂಬುದನ್ನು ಮಾತ್ರ ಬದು ಹಾಕಿಸುವವರು ಸಾಮಾನ್ಯವಾಗಿ ಯೋಚಿಸುವುದಿಲ್ಲ. ಕೋಡಿಯಿಲ್ಲದ ಬದುವು ಬದುವಿಲ್ಲದ ಹೊಲಕ್ಕಿಂತಲೂ ಹೆಚ್ಚು ಹಾನಿಯನ್ನುಂಟುಮಾಡುತ್ತದೆ. ಹೇಗೆಂದರೆ, ಬದುವಿಲ್ಲದ ಹೊಲದಲ್ಲಿ ನೀರು ತೆಳ್ಳಗೆ ಹರಡಿಕೊಂಡು ಹೋಗುತ್ತದೆ. ಕೋಡಿಯಿಲ್ಲದ ಬದು ಅದೇ ನೀರನ್ನು ಒಂದು ಕಡೆ ಕೂಡಿಹಾಕಿ, ತುಂಬಿದ ಮೇಲೆ ತನಗೆ ಎಲ್ಲಿ ಬಲ ಕಡಮೆಯೋ ಅಲ್ಲಿ ಒಡೆದು, ಎಲ್ಲವನ್ನೂ ಒಂದೇ ಗಂಡಿಯಿಂದ ಕೆಳಕ್ಕೆ ಬಿಡುತ್ತದೆ.

ನೀರಿನ ಪ್ರಮಾಣವನ್ನು ಒಮ್ಮೆ ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ಒಂದು ಎಕರೆಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಆ ನೀರು ಒಂದು ಲಕ್ಷ ಲೀಟರಿಗಿಂತ ಸ್ವಲ್ಪ ಹೆಚ್ಚಾಗುತ್ತದೆ. ತೂಕದಲ್ಲಿ ಸುಮಾರು 100 ಟನ್ನು. ಹತ್ತು ಎಕರೆ ಹೊಲದ ಮೇಲೆ ಎರಡು ಅಂಗುಲದ ಮಳೆಯೆಂದರೆ 2000 ಟನ್ನು ನೀರು. ಅದರಲ್ಲಿ ಅರ್ಧ ಇಂಗಿದರೂ ಉಳಿದರ್ಧ ಇಳುಕಲನ್ನು ಹುಡುಕಿಕೊಂಡು ಹೊರಡುತ್ತದೆ. ನೀರಿನ ವೇಗವು ಎರಡರಷ್ಟಾದರೆ ಅದು ನೆಲವನ್ನು ಕೊರೆಯುವ ಬಲವು ನಾಲ್ಕರಷ್ಟಾಗುತ್ತದೆ. ಆದುದರಿಂದಲೇ ಉದ್ದವಾದ ಇಳುಕಲನ್ನು ಬದುಗಳಿಂದ ತುಂಡರಿಸಿ, ನೀರಿಗೆ ಓಡಲು ಎಡೆಗೊಡದಂತೆ ಮಾಡುವುದು. ಮಣ್ಣಿನ ಲೆಕ್ಕವೂ ಇದೇ ಪ್ರಕಾರ ಇದೆ. ಒಂದು ಎಕರೆಯಿಂದ ಒಂದೇ ಒಂದು ಮಿಲಿಮೀಟರ್ ದಪ್ಪದ ಮಣ್ಣು ಹೋದರೆ ಐದು ಟನ್ನು ಹೋದ ಹಾಗೆ, ಎಂದರೆ ಹತ್ತು ಹನ್ನೆರಡು ಬಂಡಿಯಷ್ಟು. ಹತ್ತು ಬಂಡಿ ಗೊಬ್ಬರವನ್ನು ದುಡ್ಡು ಕೊಟ್ಟು ಹೊಡೆಸಿ, ಅಷ್ಟೇ ಮಣ್ಣನ್ನು ಒಂದು ರಾತ್ರಿಯಲ್ಲಿ ಕಳೆದುಕೊಂಡದ್ದನ್ನು ಗಮನಿಸದೆ ಇರುವ ರೈತರು ಎಷ್ಟೋ ಮಂದಿ ಇದ್ದಾರೆ. ಹೋಗುವ ಮಣ್ಣಾದರೂ ಸತ್ತ್ವವುಳ್ಳ ಮೇಲುಮಣ್ಣೇ. ಕೆಳಗಿನ ಗರಸು ಎಲ್ಲಿಗೂ ಹೋಗುವುದಿಲ್ಲ.

ಒಡ್ಡು ಹಾಕುವ ಪದ್ಧತಿಯು ಈ ಸೀಮೆಯಲ್ಲಿ ಹಿಂದಿನಿಂದ ಬಂದದ್ದಾಗಿದೆ. ಇಲಾಖೆಗಳು ಹುಟ್ಟುವುದಕ್ಕೆ ಮುಂಚೆಯೇ ಹೊಲದ ತಗ್ಗಿನಲ್ಲಿ ಎತ್ತರವಾದ ಮಣ್ಣಿನ ಒಡ್ಡನ್ನು ಹಾಕಿ, ಅಲ್ಲಿ ತಂಗಿದ ಹೂಳಿನಲ್ಲಿ ಜೋಳ ಬೆಳೆಯುತ್ತಿದ್ದರು. ಶಾಸ್ತ್ರೀಯವಾದ ಪರೀಕ್ಷೆಗಳು 1933ರ ಸುಮಾರಿಗೆ ಮೊದಲಾದವು. ಆಗ ಸೊಲ್ಲಾಪುರ, ವಿಜಯಪುರ, ಹಗರಿ, ರಾಯಚೂರು, ರೋಹತಕ ಎಂಬ ಐದು ಸ್ಥಳಗಳಲ್ಲಿ ಒಣಬೇಸಾಯದ ಸಂಶೋಧನ ಕೇಂದ್ರಗಳು ಏರ್ಪಟ್ಟವು; ಇವುಗಳಲ್ಲಿ ಮೂರು ಈಗಿನ ಕರ್ನಾಟಕದಲ್ಲಿಯೇ ಇರುವುದು ಗಮನಿಸತಕ್ಕ ವಿಷಯ. 1942ರಲ್ಲಿ ಮುಂಬಯಿ ಪ್ರಾಂತದವರು ಭೂಸುಧಾರಣೆಯ ಯೋಜನೆಗಳಿಗಾಗಿ ಒಂದು ಕಾಯಿದೆಯನ್ನು ಮಾಡಿದರು. ಅದೇ ಸಮಯದಲ್ಲಿ ವಿಜಯಪುರ ಜಿಲ್ಲೆಗೆ ಬಂದ ಕ್ಷಾಮದಲ್ಲಿ ಜನರಿಗೆ ಕೆಲಸ ಕೊಡುವುದಕ್ಕಾಗಿ ಬದುಗಳನ್ನು ವಿಸ್ತಾರವಾಗಿ ಹಾಕಿಸಲಾಯಿತು. 1954ರಲ್ಲಿ ಬಳ್ಳಾರಿಯಲ್ಲಿ ಮಣ್ಣಿನ ಸಂರಕ್ಷಣೆಗಾಗಿಯೇ ಒಂದು ಸಂಶೋಧನ ಕೇಂದ್ರವು ಪ್ರಾರಂಭವಾಯಿತು. ಇಷ್ಟು ಕಾಲದ ಅನುಭವದಿಂದ ತಿಳಿದುಬಂದದ್ದೇನೆಂದರೆ, ಕೆಂಪು ಮತ್ತು ಮಸಬು ಭೂಮಿಗಳಲ್ಲಿ ಚೆನ್ನಾಗಿ ನಿಂತ ಸಮಪಾತಳಿಯ ಬದುಗಳು ಆಳವಾದ ಎರೆಭೂಮಿಯಲ್ಲಿ ಅನೇಕ ಕಡೆ ಒಡೆದುಹೋದವು. ಅದರ ಕಾರಣವನ್ನು ಮುಂದೆ ಹೇಳಲಾಗುವುದು.

ಒಂದು ದಿಬ್ಬದ ಇಳುಕಲಿನಲ್ಲಿ ಮೂವರ ಹೊಲಗಳು ಒಂದರ ಕೆಳಗೊಂದು ಇವೆಯೆಂದು ಇಟ್ಟುಕೊಳ್ಳಬಹುದು. ಮೇಲಿನವನು ಅನುಕೂಲಸ್ಥನಾಗಿ, ಯಂತ್ರವನ್ನು ತರಿಸಿ ಒಂದೇ ದಿನದಲ್ಲಿ ಎತ್ತರವಾದ ಬದುವನ್ನು ಹಾಕಿಸಿ, ಒಂದು ಹನಿಯನ್ನೂ ಹೊರಗೆ ಬಿಡೆನೆಂದು ಕೋಡಿಯನ್ನು ಇಡಿಸದೆ ಹೋಗುತ್ತಾನೆ. ನಡುವಿನವನು ತನ್ನ ಎಂಟು ಎಕರೆಗೆ ತಕ್ಕಷ್ಟು ಬದುವನ್ನೂ ಸಣ್ಣದೊಂದು ಕೋಡಿಯನ್ನೂ ಮಾಡಿಕೊಂಡಿರುತ್ತಾನೆ. ಕೆಳಗಿನವನಿಗೆ ಏನನ್ನೂ ಮಾಡಿಸಲು ಶಕ್ತಿಯಿಲ್ಲ. ಎರಡು ವರ್ಷ ಮಳೆ ಕಡಮೆಯಾಗಿ ಎಲ್ಲವೂ ಸರಿಯಾಗಿ ನಡೆಯುತ್ತದೆ. ಮೇಲಿನವನ ಕೆಲಸವನ್ನು ಊರವರು ಹೊಗಳಿಯೂ ಹೊಗಳುತ್ತಾರೆ. ಮೂರನೆಯ ವರ್ಷ ಹಸ್ತಾ ಮಳೆ ಹೊಡೆದ ರಾತ್ರಿ ಮೇಲಿನ ಬದು ಒಡೆಯುತ್ತದೆ. ಹಲವು ಗಂಟೆಗಳಲ್ಲಿ ಮೆಲ್ಲನೆ ಬರಬೇಕಾಗಿದ್ದ ನೀರು ಅರೆಗಳಿಗೆಯಲ್ಲಿ ಬಂದು ನಡುವಿನವನ ಬದುವನ್ನು ಹತ್ತಿ ಹಾರಿ ಅದನ್ನೂ ಕಿತ್ತುಹಾಕುತ್ತದೆ. ಎರಡು ಹೊಲಗಳ ನೀರು ಕೂಡಿ ಕೆಳಗಿನವನ ಹೊಲದ ನಡುವೆ ಆಳುದ್ದದ ಕೊರಕಲನ್ನು ತೋಡಿಬಿಡುತ್ತದೆ. ತಪ್ಪು ಯಾರದು? ಬೆಳಗಾದ ಮೇಲೆ ಮೂವರೂ ಊರ ಹಿರಿಯರ ಮುಂದೆ ನಿಲ್ಲುತ್ತಾರೆ. ಯಾವ ಹೋಬಳಿಯಲ್ಲಿ ವಿಚಾರಿಸಿದರೂ ಇಂಥ ವ್ಯಾಜ್ಯವೊಂದು ಇದ್ದೇ ಇರುತ್ತದೆ.

ಈ ವಿಷಯದಲ್ಲಿ ಕಾನೂನಿನ ತತ್ತ್ವವೇನೆಂಬುದನ್ನು ಗ್ರಾಮದ ಮುಖಂಡರು ತಿಳಿದಿರುವುದು ಲೇಸು. 1882ನೇ ಇಸವಿಯ ಈಸ್‌ಮೆಂಟ್ ಆಕ್ಟಿನ 7ನೇ ಪ್ರಕರಣದ ಕೆಳಗೆ ಕೊಟ್ಟಿರುವ ಉದಾಹರಣೆಗಳಲ್ಲಿ ಒಂದು ಹೀಗಿದೆ: ಮೇಲಿನ ಭೂಮಿಯಲ್ಲಿ ಹುಟ್ಟಿದ ಅಥವಾ ಬಿದ್ದ ನೀರು, ಗೊತ್ತಾದ ಕಾಲುವೆಯಲ್ಲಿ ಹರಿಯದೆ ಸ್ವಾಭಾವಿಕವಾಗಿ ಕೆಳಗಿನ ಭೂಮಿಗೆ ಹರಿದರೆ, ಅದನ್ನು ಹಾಗೆಯೇ ಹರಿಯಗೊಡಬೇಕೆಂಬುದು ಮೇಲಿನ ಭೂಮಿಯ ಒಡೆಯನ ಹಕ್ಕು. ಇಲ್ಲಿ ಸ್ವಾಭಾವಿಕವಾಗಿ ಎಂಬ ಮಾತನ್ನು ಮರೆಯಬಾರದು. ನೀರನ್ನು ಕೂಡಿಹಾಕಿ ಒಂದು ಗಂಡಿಯಿಂದ ನೆರೆಯವನ ಹೊಲಕ್ಕೆ ನುಗ್ಗಿಸುವುದು ಸ್ವಾಭಾವಿಕವಾದ ಹರಿವಲ್ಲವಷ್ಟೆ. ಹಾಗೆಯೇ, ಮೇಲಿನ ನೀರು ತನ್ನ ಹೊಲಕ್ಕೆ ಬರಲೇಕೂಡದೆಂದು ಎಲ್ಲೆಗೆ ಅಡ್ಡಲಾಗಿ ಗೋಡೆಯಂತೆ ಒಡ್ಡನ್ನು ಹಾಕುವ ಕೆಳಗಿನವನಿಗೂ ಈ ಪ್ರಕರಣವು ಅನುಕೂಲವಾಗಿಲ್ಲ. ಆದರೆ ಕೋರ್ಟಿನ ತೀರ್ಪು ಬರುವುದರೊಳಗೆ ಹತ್ತು ಮಳೆಗಾಲಗಳು ಕಳೆದುಹೋಗುತ್ತವೆ. ಕೊರಕಲು ತೀರ್ಪಿಗಾಗಿ ಕಾದಿರುವುದಿಲ್ಲ. ಮುಖಂಡರಾದವರು ಬೇಸಗೆಯಲ್ಲಿಯೇ ಒಂದು ಇಳುಕಲಿನ ಹಿಡುವಳಿದಾರರೆಲ್ಲರನ್ನೂ ಕರೆದುಕೊಂಡು, ದಿಬ್ಬದ ನೆತ್ತಿಯಿಂದ ಹಳ್ಳದವರೆಗೆ ಒಮ್ಮೆ ನಡೆದು, ನೀರು ಎಲ್ಲಿಂದ ಎಲ್ಲಿಗೆ ಹೋಗುತ್ತದೆಂಬುದನ್ನು ಎಲ್ಲರ ಎದುರಿಗೆ ಗುರುತು ಮಾಡಿಸತಕ್ಕದ್ದು. ಕೆಲಸವನ್ನು ನೆತ್ತಿಯಿಂದ ಮೊದಲುಮಾಡಿ ಕೆಳಕ್ಕೆ ಬರಬೇಕು. ಸರಕಾರದ ಜಲಾನಯನ ಯೋಜನೆಗಳು ಇದೇ ಕ್ರಮವನ್ನು ಅನುಸರಿಸುತ್ತವೆ. 2001ರಿಂದ 2009ರವರೆಗೆ ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡ ಜಿಲ್ಲೆಗಳಲ್ಲಿ ನಡೆದ ಸುಜಲ ಯೋಜನೆಯಲ್ಲಿಯೂ ಸರ್ವೆ ನಂಬರುಗಳ ಎಲ್ಲೆಗಳಿಗಿಂತ ನೀರಿನ ಹರಿವಿನ ಎಲ್ಲೆಯೇ ಮುಖ್ಯವಾಗಿತ್ತು.

ಇನ್ನು ಬದುವನ್ನು ಹಾಕುವ ಕ್ರಮ. ಎಲ್ಲೆಗೆ ಸರಿಯಾಗಿ ನೆಟ್ಟಗೆ ಹಾಕಿದ ಬದು ನೋಡಲು ಚೆನ್ನಾಗಿದ್ದರೂ ಕೆಲಸಕ್ಕೆ ಬಾರದು. ಬದುವು ಇಳುಕಲಿಗೆ ಅಡ್ಡಲಾಗಿ ಒಂದೇ ಮಟ್ಟದಲ್ಲಿ ಸಾಗಬೇಕು. ಮಟ್ಟವನ್ನು ಕಣ್ಣಂದಾಜಿನಿಂದ ನೋಡುವುದು ಎಂಥ ಅನುಭವಸ್ಥನಿಗೂ ಆಗದ ಕೆಲಸ. ಇದಕ್ಕೆ ದೊಡ್ಡ ಯಂತ್ರಗಳೇನೂ ಬೇಕಾಗಿಲ್ಲ. ಮನೆ ಕಟ್ಟುವ ಗೌಂಡಿಗಳು ಮಟ್ಟ ನೋಡಲು ಉಪಯೋಗಿಸುವ, ನೀರು ಕಾಣಿಸುವಂಥ ಪೈಪು ಸಾಕು. ಐವತ್ತು ಅರುವತ್ತು ಅಡಿ ಉದ್ದದ ಆ ಪೈಪಿನ ಎರಡು ತುದಿಗಳನ್ನು ಅಂಗುಲಗಳ ಗುರುತು ಹಾಕಿದ ಎರಡು ಕೋಲುಗಳಿಗೆ ಕಟ್ಟಿ, ಗಾಳಿಯ ಗುಳ್ಳೆ ಉಳಿಯದಂತೆ ನೀರು ತುಂಬಿಸಬೇಕು. ಒಬ್ಬನು ಒಂದು ಕೋಲನ್ನು ಹಿಡಿದು ನಿಂತಿರಲಾಗಿ, ಎರಡನೆಯವನು ಇನ್ನೊಂದನ್ನು ಹಿಡಿದು, ಎರಡು ಕೋಲುಗಳಲ್ಲಿಯೂ ನೀರು ಒಂದೇ ಗುರುತಿಗೆ ಬರುವವರೆಗೆ ಇಳುಕಲಿನಲ್ಲಿ ಮೇಲಕ್ಕೂ ಕೆಳಕ್ಕೂ ಸರಿಯಬೇಕು. ಸರಿಹೋದಲ್ಲಿ ಗೂಟ ಹೊಡೆದು, ಮೊದಲನೆಯವನು ಆ ಗೂಟಕ್ಕೆ ಬಂದು, ಇದೇ ರೀತಿ ಮುಂದುವರಿಯಬೇಕು. ಇಬ್ಬರು ಕೂಲಿಯಾಳುಗಳು ಒಂದು ಬೆಳಗಿನಲ್ಲಿ ಹಲವು ಎಕರೆಗೆ ಗುರುತು ಹಾಕಬಲ್ಲರು. ಗೂಟಗಳ ಸಾಲು ಹಾವಿನಂತೆ ಡೊಂಕಾಗಿ ಬಂದರೆ ಸಣ್ಣಪುಟ್ಟ ಡೊಂಕುಗಳನ್ನು ತಿದ್ದಿ, ಎತ್ತುಗಳು ಸುಲಭವಾಗಿ ತಿರುಗುವಂತೆ ಮಾಡಿಕೊಳ್ಳಬಹುದು. ದೊಡ್ಡ ಡೊಂಕನ್ನು ಹಾಗೆಯೇ ಬಿಡಬೇಕು.

ಒಂದು ಬದುವಿನಿಂದ ಮತ್ತೊಂದಕ್ಕೆ ಇರಬೇಕಾದ ದೂರವು ಇಳಿಜಾರನ್ನು ಅವಲಂಬಿಸಿದೆ. ನೂರು ಅಡಿಗೆ ಒಂದು ಅಡಿ ಇಳಿಯುವ ಹೊಲದಲ್ಲಿ ಸುಮಾರು 230 ಅಡಿಗೊಂದು, ಎರಡು ಅಡಿ ಇಳಿಯುವಲ್ಲಿ 130 ಅಡಿಗೊಂದು, ಮೂರು ಅಡಿ ಇಳಿಯುವಲ್ಲಿ 100 ಅಡಿಗೊಂದು ಬದು ಬೇಕಾಗುತ್ತದೆ. ಬದುವಿನ ಎತ್ತರವು ಮಣ್ಣು ಕುಸಿದು ಕುಳಿತ ಮೇಲೆ ಎರಡು ಅಡಿ ಉಳಿಯಬೇಕಾದ್ದರಿಂದ, ಹಾಕುವಾಗ ಎರಡೂವರೆ ಅಡಿ ಹಾಕಬೇಕು. ನೆತ್ತಿಯ ಅಗಲ ಒಂದೂವರೆ ಅಡಿ, ಬುಡದ ಅಗಲ ಕೆಂಪುಭೂಮಿಯಲ್ಲಿ ಏಳೂವರೆ ಅಡಿ, ಎರೆಯಲ್ಲಿ ಒಂಬತ್ತರಿಂದ ಹತ್ತು ಅಡಿ. ಮಣ್ಣನ್ನು ಬದುವಿನ ಮೇಲ್ಗಡೆಯಿಂದಲೇ ತೆಗೆಯಬೇಕು. ಬದುವಿನ ಬುಡಕ್ಕೆ ತಗಲದಂತೆ ಒಂದಡಿ ನೆಲವನ್ನು ಬಿಟ್ಟು, ಒಂದಡಿಗಿಂತ ಆಳವಾಗದಂತೆ, ಗುಂಡಿಗಳನ್ನು ಒಂದಕ್ಕೊಂದು ಕೂಡಿಸದೆ ನಡುನಡುವೆ ತಡೆ ಬಿಟ್ಟು ತೋಡತಕ್ಕದ್ದು. ಯಂತ್ರದವರು ಬೇಗನೆ ಮುಗಿಸುವುದಕ್ಕಾಗಿ ಒಂದೇ ಉದ್ದದ ಕಾಲುವೆಯಂತೆ ಮಣ್ಣನ್ನೆತ್ತಿಬಿಡುತ್ತಾರೆ. ಆ ಕಾಲುವೆಯಲ್ಲಿ ನೀರು ಓಡಿ ಬದುವಿನ ಬುಡವನ್ನೇ ಕೊರೆಯುತ್ತದೆ. ಬಾಡಿಗೆ ಕೊಡುವವರು ಹತ್ತಿರವೇ ನಿಂತು ಇದನ್ನು ನೋಡಿಕೊಳ್ಳುವುದು ಅವಶ್ಯ.

ಕೋಡಿಯ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಕೋಡಿಯ ಹಾಸುಗಲ್ಲು ಹೊಲದ ನೆಲಮಟ್ಟಕ್ಕಿಂತ ಒಂದಡಿ ಎತ್ತರದಲ್ಲಿಯೂ, ಬದುವಿನ ನೆತ್ತಿಯು ಆ ಹಾಸುಗಲ್ಲಿಗಿಂತ ಇನ್ನೊಂದಡಿ ಎತ್ತರದಲ್ಲಿಯೂ ಇರಬೇಕು. ನೂರಕ್ಕೆ ಒಂದಡಿ ಇಳಿಯುವ ಹೊಲದಲ್ಲಿ ಹೀಗೆ ಮಾಡಿದರೆ ಬದುವಿನ ಹಿಂದೆ ನೂರು ಅಡಿಯವರೆಗೆ ನೀರು ಹರಡಿ ನಿಲ್ಲುತ್ತದೆ; ಲೆಕ್ಕ ಹಾಕಿದರೆ, ಎರಡು ಬದುಗಳ ನಡುವಿನ ಪಟ್ಟಿಯಿಂದ ಹರಿದುಬರುವ ಎರಡೂವರೆ ಅಂಗುಲದಷ್ಟು ನೀರು ಅಲ್ಲಿ ಹಿಡಿಸುತ್ತದೆ. ಇದು ಸಾಮಾನ್ಯವಾದ ಮಳೆಗಳಿಗೆ ಧಾರಾಳವಾಗಿ ಸಾಕು. ಅದಕ್ಕಿಂತ ಹೆಚ್ಚು ಬಂದದ್ದು ಹಾಸುಗಲ್ಲಿನ ಮೇಲೆ ಹರಿದು ಹೋಗಲೇಬೇಕು.

ಕೋಡಿಯ ಅಗಲವನ್ನು ಕಂಡುಹಿಡಿಯಲು ಒಂದು ಸುಲಭವಾದ ಲೆಕ್ಕವಿದೆ. ಒಂದು ಎಕರೆಯ ಮೇಲೆ ಗಂಟೆಗೆ ಒಂದು ಅಂಗುಲದಂತೆ ಬೀಳುವ ಮಳೆಯೆಲ್ಲವೂ ಹರಿದರೆ, ಅದು ಸೆಕೆಂಡಿಗೆ ಒಂದು ಘನ ಅಡಿ ನೀರಾಗುತ್ತದೆ. ಇತ್ತ, ಹಾಸುಗಲ್ಲಿನ ಮೇಲೆ ಅರ್ಧ ಅಡಿ ಆಳ ನೀರು ಹರಿಯುವಾಗ, ಅದರ ಒಂದೊಂದು ಅಡಿ ಅಗಲದಿಂದ ಸೆಕೆಂಡಿಗೆ ಸುಮಾರು ಒಂದು ಘನ ಅಡಿ ನೀರು ಹೊರಕ್ಕೆ ಹೋಗುತ್ತದೆ. ಬಿರುಸಾದ ಮಳೆ ಗಂಟೆಗೆ ಎರಡು ಅಂಗುಲ ಬಿದ್ದು, ಅರ್ಧ ಇಂಗಿ ಅರ್ಧ ಹರಿದರೆ, ಎಕರೆಗೆ ಒಂದಡಿಯಂತೆ ಕೋಡಿಯ ಅಗಲ ಬೇಕೆಂದಾಯಿತು. ನೆಲವು ಮೊದಲೇ ನೆನೆದಿದ್ದರೆ ಅರ್ಧಕ್ಕಿಂತ ಹೆಚ್ಚೇ ಹರಿಯುವುದರಿಂದ ಒಂದೂವರೆ ಅಡಿಯಂತೆ ಇಡುವುದು ಕ್ಷೇಮ. ಇಲ್ಲಿ ಎಷ್ಟು ಎಕರೆಯೆಂದು ಎಣಿಸುವುದರಲ್ಲಿಯೇ ಜನರು ಮೋಸಹೋಗುತ್ತಾರೆ. ಕೋಡಿಯ ಮೇಲೆ ಬರುವುದು ತನ್ನ ಹೊಲದ ನೀರು ಮಾತ್ರವಲ್ಲ, ದಿಬ್ಬದ ನೆತ್ತಿಯವರೆಗೆ ಮೇಲಿರುವ ಎಲ್ಲ ಹೊಲಗಳ ನೀರು. ಮೇಲೆ ಹೇಳಿದ ಮೂವರಲ್ಲಿ ಒಬ್ಬೊಬ್ಬನಿಗೂ ಎಂಟೆಂಟು ಎಕರೆಯಿದ್ದರೆ, ಮೇಲಿನವನಿಗೆ ಹನ್ನೆರಡು ಅಡಿ, ನಡುವಿನವನಿಗೆ ಇಪ್ಪತ್ತನಾಲ್ಕು ಅಡಿ, ಕೆಳಗಿನವನಿಗೆ ಮೂವತ್ತಾರು ಅಡಿ ಅಗಲದ ಕೋಡಿ ಬೇಕಾಗುತ್ತದೆ. ಬಡವನ ಹೊಲಕ್ಕೇ ಹೆಚ್ಚಿನ ಕಲ್ಲು ಬೀಳುವುದರಿಂದ, ಅದರ ವೆಚ್ಚದಲ್ಲಿ ಮೇಲಿನ ಇಬ್ಬರೂ ಭಾಗಿಗಳಾಗುವುದು ನ್ಯಾಯವೆಂದು ತೋರುತ್ತದೆ. ಒಂದೇ ಅಗಲವಾದ ಕೋಡಿಗೆ ಬದಲಾಗಿ ಎರಡು ಮೂರನ್ನು ಇಟ್ಟರೂ ಆಗಬಹುದು.

ಕೋಡಿಗೆ ಸ್ಥಳವು ಗಟ್ಟಿಯಾದ ನೆಲವಾಗಿರಬೇಕು. ಹೊಸದಾಗಿ ಮಣ್ಣು ತುಂಬಿದ ಹಳೆಯ ಕೊರಕಲಿನ ಮೇಲೆ ಎಂದಿಗೂ ಇಡಕೂಡದು. ಕಲ್ಲನ್ನು ಗಾರೆಯಿಲ್ಲದೆ ಒಣದಾಗಿಯೇ ಕಟ್ಟಬಹುದು. ಆದರೆ ಕಲ್ಲಿಗೂ ಮಣ್ಣಿಗೂ ನಡುವೆ ಅರ್ಧ ಅಡಿಯಷ್ಟು ಗರಸು ಹಾಕದೆ ಹೋದರೆ, ಸಂದುಗಳಿಂದ ಮಣ್ಣು ತೊಳೆದುಹೋಗಿ ಕಲ್ಲುಗಳು ಒಂದೊಂದಾಗಿ ಕುಸಿಯುತ್ತವೆ. ನೀರು ಧುಮುಕುವ ಕಡೆ, ಧುಮುಕುವ ಎತ್ತರದ ಎರಡು ಮೂರರಷ್ಟು ಉದ್ದಕ್ಕೆ ದಪ್ಪ ಕಲ್ಲುಗಳನ್ನು ಹಾಸಬೇಕು. ಅಲ್ಲಿಂದ ಮುಂದೆ ಹಳ್ಳದವರೆಗೆ ಗರಿಕೆ ಬೆಳೆಸಿದ ಅಗಲವಾದ, ಆಳವಿಲ್ಲದ ದಾರಿಯನ್ನು ನೀರಿಗೆ ಬಿಡತಕ್ಕದ್ದು. ಇದಕ್ಕಾಗಿ ನಾಲ್ಕಾರು ಗುಂಟೆ ಹೊಲ ಹೋಗುವುದೆಂದು ಕೆಲವರು ಹಿಂದೆಗೆಯುತ್ತಾರೆ. ಆ ಹುಲ್ಲನ್ನು ಕೊಯ್ದು ದನಗಳಿಗೆ ಹಾಕಬಹುದಾದ್ದರಿಂದ ಅದು ಪೂರ್ಣವಾಗಿ ನಷ್ಟವೆಂದು ಹೇಳಲಾಗದು.

ಹತ್ತಾರು ವರ್ಷಕ್ಕೊಮ್ಮೆ ಉಪಯೋಗಕ್ಕೆ ಬರುವ ಕೋಡಿಗೆ ಇಷ್ಟು ಕಷ್ಟವೇಕೆಂಬ ಪ್ರಶ್ನೆಯು ಸಹಜವಾದದ್ದೇ. ಹಿರಿಯೂರು ತಾಲ್ಲೂಕಿನಲ್ಲಿ ವೇದಾವತಿ ನದಿಗೆ ಕಟ್ಟಿ 1907ರಲ್ಲಿ ಮುಗಿಸಿದ ಮಾರಿಕಣಿವೆಯ ವಾಣಿವಿಲಾಸ ಸಾಗರವು 1933ರಲ್ಲಿ ಒಮ್ಮೆ ಕೋಡಿ ಹರಿಯಿತು. ಅನಂತರ ಎಂಬತ್ತೊಂಬತ್ತು ವರ್ಷಗಳ ಕಾಲ ಕೋಡಿಯ ಮೇಲೆ ನೀರು ಬರಲಿಲ್ಲ. ಮೂರು ತಲೆಮಾರಿನ ಜನ ಆ ಕೋಡಿ ಹರಿದುದನ್ನು ಕಾಣಲಿಲ್ಲ. 2022ರ ಸೆಪ್ಟೆಂಬರಿನಲ್ಲಿ ಅದು ಪುನಃ ತುಂಬಿ ಹರಿಯಿತು; 2025ರ ಜನವರಿಯಲ್ಲಿ ಮತ್ತೊಮ್ಮೆ. ನಡುವಿನ ಅಷ್ಟು ವರ್ಷಗಳಲ್ಲಿ, ನೀರು ಬರುವುದೇ ಇಲ್ಲವೆಂದು ಕೋಡಿಯನ್ನು ಮುಚ್ಚಿದ್ದರೆ ಅಣೆಕಟ್ಟಿನ ಗತಿಯೂ ಕೆಳಗಿನ ಊರುಗಳ ಗತಿಯೂ ಏನಾಗುತ್ತಿತ್ತೆಂದು ಊಹಿಸುವುದು ಕಷ್ಟವಲ್ಲ. ಹಳ್ಳಿಗಳ ಸಣ್ಣ ಕೆರೆಗಳಲ್ಲಿ ಮಾತ್ರ, ಇನ್ನೊಂದಡಿ ನೀರು ನಿಲ್ಲಲೆಂದು ಕೋಡಿಗೆ ಮಣ್ಣಿನ ಮೂಟೆಗಳನ್ನು ಅಡ್ಡವಿಡುವ ಕೆಟ್ಟ ಚಾಳಿ ಈಗಲೂ ಇದೆ. ಇದನ್ನು ಮುಖಂಡರು ನಿರ್ದಾಕ್ಷಿಣ್ಯವಾಗಿ ತಡೆಯತಕ್ಕದ್ದು.

ಆಳವಾದ ಎರೆಭೂಮಿಯ ವಿಚಾರವು ಬೇರೆ. ಆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಬೇಸಗೆಯಲ್ಲಿ ಹೊಲದ ಬಿರುಕಿನಲ್ಲಿ ಕೈ ಇಟ್ಟರೆ ಮೊಣಕೈವರೆಗೆ ಇಳಿಯುವುದು ಸಾಮಾನ್ಯ. ಬದುವೂ ಅದೇ ಮಣ್ಣಿನದಾದ್ದರಿಂದ ಅದರಲ್ಲಿಯೂ ಅಡ್ಡಡ್ಡಲಾಗಿ ಬಿರುಕುಗಳು ಬೀಳುತ್ತವೆ. ಮೊದಲನೆಯ ದೊಡ್ಡ ಮಳೆಯ ನೀರು ಬಿರುಕುಗಳು ಮುಚ್ಚಿಕೊಳ್ಳುವುದಕ್ಕೆ ಮೊದಲೇ ಅವುಗಳಲ್ಲಿ ನುಗ್ಗಿ ಬದುವನ್ನು ಸೀಳುತ್ತದೆ. ಒಡೆಯದೆ ನಿಂತರೂ ಬೇರೊಂದು ತೊಂದರೆಯಿದೆ: ನೀರು ಬೇಗನೆ ಇಂಗದೆ ಬದುವಿನ ಹಿಂದೆ ದಿನಗಟ್ಟಲೆ ನಿಂತು, ಬೆಳೆಯನ್ನು ಕೊಳೆಯಿಸುತ್ತದೆ, ಇಲ್ಲವೆ ಬಿತ್ತನೆಯನ್ನು ತಡಮಾಡುತ್ತದೆ. ಆದುದರಿಂದ ಎರೆಯಲ್ಲಿ ಬದುವನ್ನು ಸರಿಮಟ್ಟದಲ್ಲಿ ಹಾಕದೆ, ನೂರು ಅಡಿಗೆ ಎರಡು ಎರಡೂವರೆ ಅಂಗುಲದಷ್ಟು ಕೋಡಿಯ ಕಡೆಗೆ ಇಳಿಯುವಂತೆ ಗುರುತು ಹಾಕಬೇಕು. ಹಾಸುಗಲ್ಲನ್ನೂ ಅರ್ಧ ಅಡಿಯ ಎತ್ತರಕ್ಕೆ ಇಳಿಸಬೇಕು. ಹತ್ತಿರದಲ್ಲಿ ಗರಸು ಸಿಕ್ಕಿದರೆ ಬದುವಿನ ಮೇಲೆ ಅದರ ಹೊದಿಕೆಯನ್ನು ಹಾಕುವುದರಿಂದ ಬಿರುಕು ಕಡಮೆಯಾಗುತ್ತದೆ. ಹಾಗಿಲ್ಲವಾದರೆ ಮೇ ತಿಂಗಳಿನಲ್ಲಿ ಒಮ್ಮೆ ಬಿರುಕುಗಳಲ್ಲಿ ಪುಡಿಮಣ್ಣನ್ನು ತುಂಬಿಸಿ ಬಡಿಯಿಸತಕ್ಕದ್ದು.

ಎರೆಹೊಲದಲ್ಲಿ ನೀರನ್ನು ನಿಲ್ಲಿಸುವ ಕೆಲಸವನ್ನು ಬದುವಿಗಿಂತ ಚೌಕು ಮಡಿಗಳು ಚೆನ್ನಾಗಿ ಮಾಡುತ್ತವೆ. ಜೂನ್ ಜುಲೈ ತಿಂಗಳುಗಳಲ್ಲಿ, ಕುಂಟೆ ಹೊಡೆದು ಕಳೆ ತೆಗೆದ ಮೇಲೆ, ಎತ್ತಿನಿಂದಾಗಲಿ ಟ್ರ್ಯಾಕ್ಟರಿನಿಂದಾಗಲಿ ಉದ್ದಕ್ಕೂ ಅಡ್ಡಕ್ಕೂ ದಿಂಡುಗಳನ್ನೆಳೆದು, ಹತ್ತರಿಂದ ಹದಿನೈದು ಅಡಿ ಚೌಕದ, ಆರೆಂಟು ಅಂಗುಲ ಎತ್ತರದ ಮಡಿಗಳನ್ನು ಮಾಡಿಬಿಡುವುದು. ಒಂದೊಂದು ಮಡಿಯೂ ತನ್ನ ಮೇಲೆ ಬಿದ್ದ ಮಳೆಯನ್ನು ತಾನೇ ಕುಡಿಯುತ್ತದೆ. ನೀರು ಒಂದೆಡೆ ಕೂಡುವುದಿಲ್ಲವಾದ್ದರಿಂದ ಒಂದು ಮಡಿಯ ದಿಂಡು ಒಡೆದರೂ ಅಪಾಯವಿಲ್ಲ. ಬಿತ್ತನೆಯ ಕಾಲಕ್ಕೆ ಮಡಿಗಳನ್ನು ಕುಂಟೆಯಿಂದ ಹರಗಿ, ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ ಹದ ನೋಡಿ ಮಾಲದಂಡಿ ಜೋಳವನ್ನು ಕೂರಿಗೆಯಿಂದ ಬಿತ್ತಬಹುದು. ಬಿತ್ತಿದ ತರುವಾಯ ಮಳೆಯೇ ಬಾರದೆ ಹೋದರೂ, ನೆಲದೊಳಗೆ ಸೇರಿದ ತೇವದಿಂದಲೇ ಆ ಬೆಳೆ ಕೈಗೆ ಬರುತ್ತದೆ. ವೆಚ್ಚವೂ ಸ್ವಲ್ಪ. ಇಷ್ಟು ಅನುಕೂಲವಿದ್ದರೂ ಇದನ್ನು ಎಲ್ಲರೂ ಮಾಡದಿರುವುದು, ಬಿತ್ತನೆಗೆ ಮುಂಚೆ ಹೊಲದಲ್ಲಿ ಕೆಲಸವೇನಿದೆಯೆಂಬ ಹಳೆಯ ಭಾವನೆಯಿಂದ ಮಾತ್ರ.

ಈಗಾಗಲೇ ಕೊರಕಲು ಬಿದ್ದಿದ್ದರೆ ಅದಕ್ಕೆ ಮಣ್ಣು ತುಂಬಿಸುವುದು ದುಡ್ಡನ್ನು ಹೊಳೆಗೆ ಹಾಕಿದಂತೆಯೇ ಸರಿ. ಕೊರಕಲು ಮೇಲ್ಮುಖವಾಗಿ ಬೆಳೆಯುತ್ತದೆ. ಅದರ ತಲೆಯ ಕಡೆ ನೀರು ಧುಮುಕಿ ಧುಮುಕಿ ವರ್ಷ ವರ್ಷವೂ ಹೊಲವನ್ನು ತಿನ್ನುತ್ತ ಹೋಗುತ್ತದೆ. ಮೊದಲು ತಲೆಯ ಮೇಲಿನ ನೀರನ್ನು ಬದುವಿನಿಂದ ತಪ್ಪಿಸಿ, ಅನಂತರ ಕೊರಕಲಿನ ಉದ್ದಕ್ಕೂ ಕಲ್ಲಿನ ತಡೆಗಳನ್ನಿಡಬೇಕು. ಕೆಳಗಿನ ತಡೆಯ ನೆತ್ತಿಯು ಮೇಲಿನ ತಡೆಯ ಬುಡಕ್ಕೆ ಸರಿಯಾಗಿರಲಿ. ತಡೆಯ ನಡುಭಾಗವು ಪಕ್ಕಗಳಿಗಿಂತ ತಗ್ಗಾಗಿರಲಿ. ಎರಡು ತುದಿಗಳೂ ದಡದೊಳಕ್ಕೆ ಎರಡಡಿ ಹೊಕ್ಕಿರಲಿ. ನಡುಭಾಗವನ್ನು ಎತ್ತರಮಾಡಿದ್ದಾದರೆ ನೀರು ಪಕ್ಕವನ್ನು ಕೊರೆದು ತಡೆಯನ್ನು ಬಿಟ್ಟು ಹರಿಯುತ್ತದೆ. ಹೂಳು ತುಂಬಿದ ಹಾಗೆಲ್ಲ ಅದರಲ್ಲಿ ಹುಲ್ಲು ತಾನಾಗಿ ಬರುತ್ತದೆ.

ಬದುವಿನ ಮೇಲೆ ಹುಲ್ಲು ಹಿಡಿಯಿಸುವುದು ಅಗತ್ಯ. ಗುಂಡ್ಲುಪೇಟೆಯ ಕಡೆಯ ರೈತರು ಬಹುಕಾಲದಿಂದ ಹೊಲದ ಎಲ್ಲೆಯಲ್ಲಿ ಲಾವಂಚದ ಸಾಲನ್ನು ಬೆಳೆಸಿಕೊಂಡು ಬಂದಿದ್ದಾರೆ. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ತಜ್ಞರು ಇದನ್ನು ಗಮನಿಸಿ ಇತರ ದೇಶಗಳಲ್ಲಿಯೂ ಪ್ರಚಾರಮಾಡಿದರು. ಲಾವಂಚದ ಬೇರು ಪಕ್ಕಕ್ಕೆ ಹರಡದೆ ಕೆಳಕ್ಕೆ ಇಳಿಯುತ್ತದೆ. ಬಲಿತ ಗರಿಯನ್ನು ದನಗಳು ಮುಟ್ಟುವುದಿಲ್ಲ. ತೆಂಡೆಗಳಿಂದಲೇ ಬೆಳೆಸುವುದರಿಂದ ಕಳೆಯಾಗಿ ಹೊಲವನ್ನು ಹೊಗುವ ಭಯವೂ ಇಲ್ಲ. ಮೇವು ಬೇಕೆನ್ನುವವರು ಅಂಜನ ಹುಲ್ಲನ್ನು ಹಾಕಬಹುದು. ಬೇವು ಹೊಂಗೆಗಳನ್ನು ಬದುವಿನ ಕೆಳಗಡೆ ನೆಡಲಿ, ಕೋಡಿಯ ಹತ್ತಿರ ಮಾತ್ರ ಬೇಡ. ಮರ ಸತ್ತು ಬೇರು ಕೊಳೆತಾಗ ಅದರ ಜಾಡಿನಲ್ಲಿಯೇ ನೀರು ಹೊರಡುತ್ತದೆ. ಬಳ್ಳಾರಿ ಜಾಲಿಯನ್ನು ಬೇಲಿಗೆಂದು ಬಿಟ್ಟವರು ಅನಂತರ ಅದನ್ನು ಕೀಳಿಸಲಾರದೆ ಪ‌ಡುವ ಪಾಡು ಎಲ್ಲರಿಗೂ ಗೊತ್ತಿದೆ.

ಬದುಗಳಿಗೆ ಮಳೆಗಿಂತ ದೊಡ್ಡ ಶತ್ರುವೆಂದರೆ ಒಡೆಯನ ನೇಗಿಲೇ ಎಂದು ಹೇಳಬಹುದು. ಇನ್ನೊಂದು ಸಾಲು ಹೆಚ್ಚು ಬಿತ್ತಬಹುದೆಂಬ ಆಸೆಯಿಂದ ವರ್ಷಕ್ಕೆ ಅರ್ಧ ಅಡಿಯಂತೆ ಬುಡವನ್ನು ಕತ್ತರಿಸುತ್ತ ಬಂದು, ಏಳೂವರೆ ಅಡಿಯ ಬದುವನ್ನು ಹತ್ತು ವರ್ಷಗಳಲ್ಲಿ ಎರಡೂವರೆ ಅಡಿಗೆ ಇಳಿಸಿಬಿಡುತ್ತಾರೆ. ಇದು ಮೇಲಿನವನೂ ಕೆಳಗಿನವನೂ ಎರಡು ಕಡೆಯಿಂದ ಮಾಡುವ ಕೆಲಸವಾದ್ದರಿಂದ ಯಾರೂ ಯಾರನ್ನೂ ದೂರುವುದಿಲ್ಲ. ಗೇಣಿಗೆ ಕೊಟ್ಟ ಹೊಲಗಳಲ್ಲಿ ಇದು ಇನ್ನೂ ಹೆಚ್ಚು. ಹೊಲವನ್ನು ಒಪ್ಪಿಸುವಾಗ ಬದುವಿನ ಅಗಲವನ್ನು ಅಳೆದು ಹೇಳಿ ಕೊಡುವ ರೂಢಿಯನ್ನು ಭೂಮಾಲಿಕರು ಇಟ್ಟುಕೊಳ್ಳುವುದು ಒಳ್ಳೆಯದು.

ಕೋಡಿಯಿಂದ ಹೊರಟ ನೀರನ್ನು ಕೃಷಿಹೊಂಡಕ್ಕೆ ತಿರುಗಿಸಿಕೊಳ್ಳುವವರು ಈಚೆಗೆ ಬಹಳವಾಗಿದ್ದಾರೆ. ಅದು ಮೆಚ್ಚತಕ್ಕ ಕೆಲಸವೇ. ಆದರೆ ಹೊಂಡಕ್ಕೂ ಒಂದು ಕೋಡಿ ಬೇಕೆಂಬುದನ್ನು ಮರೆಯಬಾರದು. ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡದ ದಂಡೆಯು ಒದ್ದೆಯಾದರೆ ಈಜುಬಲ್ಲವನೂ ಹತ್ತಿ ಬರಲಾರನು. ಸುತ್ತಲೂ ಬೇಲಿಯನ್ನೂ, ನಾಲ್ಕು ಕಡೆ ಗಂಟು ಹಾಕಿದ ಹಗ್ಗಗಳನ್ನೂ ಇಳಿಬಿಡದೆ ಹೊಂಡವನ್ನು ತುಂಬಿಸುವುದು ಮನೆಯ ಮಕ್ಕಳನ್ನೂ ಕುರಿ ಕಾಯುವ ಹುಡುಗರನ್ನೂ ಅಪಾಯಕ್ಕೆ ಒಡ್ಡಿದಂತೆ.

ಮುಂಗಾರಿಗೆ ಮೊದಲು, ಮೇ ತಿಂಗಳಿನೊಳಗೆ, ಬದುಗಳನ್ನು ಒಂದು ಸುತ್ತು ನೋಡಿ ಹೆಗ್ಗಣದ ಬಿಲಗಳನ್ನು ಅಗೆದು ಮುಚ್ಚಿಸಬೇಕು. ಬಂಡಿದಾರಿಯಾಗಿ ತಗ್ಗಾದ ಸ್ಥಳಗಳನ್ನು ಎತ್ತರಿಸಬೇಕು. ಕೋಡಿಯಲ್ಲಿ ಬೆಳೆದ ಗಿಡಗಂಟಿಗಳನ್ನು ತೆಗೆಸಬೇಕು. ದೊಡ್ಡ ಮಳೆಯ ನಡುವೆ ನೀರು ಬದುವಿನ ನೆತ್ತಿಗೆ ಬರುವಂತೆ ಕಂಡರೆ, ಗಾಬರಿಯಿಂದ ನೀರು ಆಳವಾಗಿ ನಿಂತ ಕಡೆ ಗುದ್ದಲಿ ಹಾಕಬಾರದು. ಅಲ್ಲಿ ಕಡಿದವನು ನೀರಿನ ಸಂಗಡವೇ ಹೋಗುತ್ತಾನೆ. ಬದುವಿನ ತುದಿಯಲ್ಲಿ, ನೆಲ ಗಟ್ಟಿಯಾಗಿ ನೀರು ತೆಳ್ಳಗಿರುವ ಕಡೆ, ಅಗಲವಾಗಿ ಅರ್ಧ ಅಡಿ ಮಾತ್ರ ಕೆತ್ತಿ, ನೀರು ಹರಡಿ ಹೋಗುವಂತೆ ಮಾಡಬೇಕು. ಹಾಗೆ ಮಾಡುವುದಕ್ಕೆ ಮೊದಲು ಕೆಳಗಿನ ಹೊಲದವನಿಗೆ ಹೇಳಿ ಕಳುಹಿಸತಕ್ಕದ್ದು. ಮಳೆ ನಿಂತ ಮರುದಿನ ಬೆಳಿಗ್ಗೆ, ನೀರು ಎಲ್ಲಿಯವರೆಗೆ ಏರಿತ್ತೆಂಬ ಗುರುತು ಹುಲ್ಲುಕಡ್ಡಿಗಳ ಸಾಲಾಗಿ ಬದುವಿನ ಮೇಲೆ ಉಳಿದಿರುತ್ತದೆ. ಆ ಸಾಲು ನೆತ್ತಿಯಿಂದ ಅರ್ಧ ಅಡಿಯೊಳಗೆ ಬಂದಿದ್ದರೆ, ಮುಂದಿನ ವರ್ಷದೊಳಗೆ ಕೋಡಿಯನ್ನು ಇನ್ನಷ್ಟು ಅಗಲ ಮಾಡಿಸಬೇಕೆಂದು ತಿಳಿಯತಕ್ಕದ್ದು.